ಸುಟ್ಟದ್ದು, ಹೆಚ್ಚಾಗಿ: ಮಕ್ಕಳ ಪುಸ್ತಕದ ನಗೆಸಾಲನ್ನು ಮನೆಯವರಿಗೆ ದಾಟಿಸುವುದು ಹೇಗೆ?

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ. ಸಾಹಸದ ಕತೆಗಳೆಂದರೆ ಪ್ರಾಣ. ಕಡಲುಗಳ್ಳರು, ನಿಧಿ, ಗುಹೆ ಇದ್ದರೆ ಊಟವೂ ಬೇಡ. ಓದುತ್ತ ಓದುತ್ತ ಒಬ್ಬಳೇ ಕಿಸಕ್ಕನೆ ನಗುತ್ತಾಳೆ, ಪುಸ್ತಕ ಹಿಡಿದುಕೊಂಡು ಅಡುಗೆಮನೆಗೆ ಓಡಿ ಬರುತ್ತಾಳೆ, 'ಅಮ್ಮಾ, ಇದೊಂದು ಕೇಳು' ಅಂತ ಒಂದು ಸಾಲು ಓದುತ್ತಾಳೆ. ನಿಜ ಹೇಳಬೇಕೆಂದರೆ ನನಗೆ ನಗು ಬರುವುದಿಲ್ಲ. ಮೊನ್ನೆ ಓದಿದ್ದು, ದ್ವೀಪದಲ್ಲಿ ಒಂಟಿಯಾಗಿ ಸಿಕ್ಕಿಹಾಕಿಕೊಂಡ ಬೆನ್ ಗನ್ ಎಂಬ ನಾವಿಕ ಚೀಸ್ ಬಗ್ಗೆ ಆಡುವ ಮಾತು. ಇಂಗ್ಲಿಷ್ ಬಾರದ ನಮ್ಮತ್ತೆಗೆ ನಾನು ಅದನ್ನು ಕನ್ನಡದಲ್ಲಿ, 'ಅವನು ರಾತ್ರಿ ಹೊತ್ತು ಚೀಸಿನ ಕನಸು ಕಾಣ್ತಿದ್ದನಂತೆ' ಎಂದೆ. ಅವರು 'ಆಮೇಲೆ?' ಎಂದರು. ಮಗು ಮುಖ ಸಪ್ಪೆ ಮಾಡಿಕೊಂಡು ಹೋಯಿತು. ಸುಮ್ಮನೆ ನಕ್ಕುಬಿಡಲೇ? ಅಥವಾ ಇಂಥ ಸಾಲುಗಳನ್ನು ಕನ್ನಡಕ್ಕೆ ತರುವ ಉಪಾಯ ಏನಾದರೂ ಇದೆಯೇ?
ಓದುಗರೊಬ್ಬರು, ತುಮಕೂರು

ಉತ್ತರ: ಸುಳ್ಳು ನಗು ಬೇಡ. ಮೊದಲ ಸಲ ನಂಬುತ್ತಾಳೆ. ಎರಡನೆಯ ಸಲ ಪುಸ್ತಕದ ಬದಲು ನಿಮ್ಮ ಮುಖ ನೋಡುತ್ತ ಓದುತ್ತಾಳೆ. ಮೂರನೆಯ ಸಲ ಓಡಿ ಬರುವುದೇ ಇಲ್ಲ. ನಗು ಬಾರದಿದ್ದರೆ 'ನಂಗೆ ಗೊತ್ತಾಗಲಿಲ್ಲ ಕಣೇ' ಎನ್ನಿ, ಅದರಲ್ಲಿ ಅವಮಾನವೇನಿಲ್ಲ. ಆದರೆ ಅದರ ಬೆನ್ನಿಗೇ ಒಂದು ಪ್ರಶ್ನೆ ಕೇಳಿ: 'ಅದಕ್ಕೆ ಮುಂಚೆ ಏನಾಗಿತ್ತು?'

ನಿಮ್ಮತ್ತೆಯವರು 'ಆಮೇಲೆ?' ಎಂದದ್ದನ್ನು ನೀವು ಸೋಲು ಅಂದುಕೊಂಡಿದ್ದೀರಿ. ನನಗೆ ಹಾಗನ್ನಿಸಲಿಲ್ಲ. ಕತೆ ಕೇಳುತ್ತ ಬೆಳೆದವರು ಅವರು. ನೀವು ಅವರನ್ನು ಕರೆತಂದು ಸೀದಾ ನಡುಮನೆಯಲ್ಲಿ ನಿಲ್ಲಿಸಿದ್ದೀರಿ, ಅವರು ಬಾಗಿಲು ಎಲ್ಲಿದೆ ಎಂದು ಕೇಳುತ್ತಿದ್ದಾರೆ, ಅಷ್ಟೇ.

ಇಪ್ಪತ್ತು ವರ್ಷದಿಂದ ಮಕ್ಕಳ ಪುಸ್ತಕಗಳನ್ನು ಕನ್ನಡಕ್ಕೆ ತರುವುದು, ಶನಿವಾರ ಶನಿವಾರ ಒಂದು ಗ್ರಂಥಾಲಯದಲ್ಲಿ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುವುದು ನನ್ನ ಕೆಲಸ. ಈ ಕೆಲಸದಲ್ಲಿ ನನಗೆ ಚೆನ್ನಾಗಿ ಪೆಟ್ಟು ಕೊಟ್ಟ ಸಾಲುಗಳಲ್ಲಿ ನಿಮ್ಮ ಮಗಳು ಓದಿದ ಸಾಲೂ ಒಂದು. ಆದ್ದರಿಂದ ಅದನ್ನೇ ಹಿಡಿದು ಮಾತಾಡುತ್ತೇನೆ.

ಅದು 'ಟ್ರೆಷರ್ ಐಲೆಂಡ್'. ರಾಬರ್ಟ್ ಲೂಯಿ ಸ್ಟೀವನ್ಸನ್ ಬರೆದದ್ದು, 1883ರಲ್ಲಿ ಪುಸ್ತಕವಾಗಿ ಬಂತು. ಚೀಸಿನ ಮಾತು ಬರುವುದು ಹದಿನೈದನೆಯ ಅಧ್ಯಾಯದಲ್ಲಿ. ಅದಕ್ಕೆ ಮುಂಚೆ ಏನಾಗಿತ್ತು ಎಂದರೆ, ಜಿಮ್ ಎಂಬ ಹುಡುಗ ಹಡಗಿನಿಂದ ಇಳಿದವನು ಒಬ್ಬನೇ ದ್ವೀಪದ ಕಾಡಿಗೆ ನುಗ್ಗಿದ್ದಾನೆ. ಪೊದೆಯ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತು, ಒಂಟಿಕಾಲಿನ ಅಡುಗೆಯವ ಸಿಲ್ವರ್ ಜೊತೆಗಾರನೊಬ್ಬನನ್ನು ಕೊಲ್ಲುವುದನ್ನು ಕಣ್ಣಾರೆ ನೋಡಿದ್ದಾನೆ. ಬಿದ್ದಂಬೀಳ ಓಡುತ್ತಾನೆ. ಎದುರಿಗೆ ಪೈನ್ ಮರದ ಹಿಂದೆ ಏನೋ ಸರಕ್ಕನೆ ಜಿಗಿಯುತ್ತದೆ. ಕರಡಿಯೋ ಮನುಷ್ಯನೋ ಕೋತಿಯೋ ತಿಳಿಯದು. ಹಿಂದೆ ಕೊಲೆಗಾರರು, ಮುಂದೆ ಇದು. ಮನುಷ್ಯರನ್ನು ತಿನ್ನುವವರ ಬಗ್ಗೆ ಕೇಳಿದ್ದೆಲ್ಲ ಹುಡುಗನಿಗೆ ನೆನಪಾಗುತ್ತದೆ. ಕೊನೆಗೆ ಆ ಜೀವ ಎದುರಿಗೆ ಬಂದು ಮಂಡಿಯೂರಿ ಕೈ ಮುಗಿಯುತ್ತದೆ. ಮನುಷ್ಯನೇ. ಮೈಮೇಲೆ ಹಾಯಿಬಟ್ಟೆಯ ಚಿಂದಿ. ಬಿಸಿಲಿಗೆ ತುಟಿ ಕೂಡ ಕಪ್ಪಾಗಿದೆ. ದನಿಯೋ, ತುಕ್ಕು ಹಿಡಿದ ಬೀಗ. ಮೂರು ವರ್ಷದಿಂದ ಇನ್ನೊಬ್ಬರ ಜೊತೆ ಮಾತಾಡಿಲ್ಲ. ಆಡಿನ ಮಾಂಸ, ಕಾಡುಹಣ್ಣು, ಸಮುದ್ರದ ಸಿಂಪಿ ತಿಂದು ಜೀವ ಹಿಡಿದಿದ್ದಾನೆ.

ಮೂರು ವರ್ಷದ ಮೇಲೆ ಒಂದು ಮನುಷ್ಯಮುಖ ಕಂಡಿದೆ. ಏನು ಕೇಳಬಹುದು ಹೇಳಿ? ಹಡಗು? ಬಂದೂಕು? ಊರಿನ ಸುದ್ದಿ? ಅವನು ಕೇಳುವುದು, ನಿನ್ನ ಹತ್ತಿರ ಒಂದು ತುಂಡು ಚೀಸ್ ಇರಲಿಕ್ಕಿಲ್ಲ, ಅಲ್ಲವಾ? ಇಲ್ಲವಾ? ಎಷ್ಟೋ ರಾತ್ರಿ ಚೀಸಿನ ಕನಸು ಕಂಡಿದ್ದೇನಪ್ಪ. ಬೆಂಕಿಗೆ ಹಿಡಿದು ಕಾಯಿಸಿದ್ದು, ಹೆಚ್ಚಾಗಿ.

ಆ 'ಹೆಚ್ಚಾಗಿ'ಯಲ್ಲೇ ನಿಮ್ಮ ಮಗಳು ಕಿಸಕ್ಕನೆ ನಕ್ಕಿರುವುದು, ಪಂದ್ಯ ಕಟ್ಟುತ್ತೇನೆ. ಮೂರು ವರ್ಷದ ಕನಸುಗಳಿಗೆ ಲೆಕ್ಕ ಇಟ್ಟಿದ್ದಾನೆ ಆಸಾಮಿ! ಕಾಯಿಸಿದ್ದು ಇಷ್ಟು ರಾತ್ರಿ, ಕಾಯಿಸದ್ದು ಇಷ್ಟು ರಾತ್ರಿ ಎಂದು. ಆದರೆ ಆ ಒಂದು ಪದಕ್ಕೆ ನಗು ಬರಬೇಕಾದರೆ ಅದರ ಹಿಂದೆ ಎರಡು ಪುಟದಷ್ಟು ಹೆದರಿಕೆ ಇರಬೇಕು. ಜಿಮ್ ಜೊತೆ ಓಡಿ, ಎದೆ ಡವಡವ ಎನ್ನುತ್ತಿರುವಾಗ ಹಠಾತ್ತನೆ ಚೀಸ್ ಬಂದರೆ ಬಿಗಿಹಿಡಿದ ಉಸಿರೆಲ್ಲ ಒಟ್ಟಿಗೆ ಹೊರಗೆ ಬರುತ್ತದೆ. ಅದೇ ನಗು. ನಿಮ್ಮ ಮಗಳು ಓಡಿ ಬಂದದ್ದು ಆ ಉಸಿರಿನ ಸಮೇತ. ಒಲೆಯ ಮುಂದೆ ನಿಂತ ನಿಮಗೆ ಸಿಕ್ಕಿದ್ದು ಬರೀ ಚೀಸ್.

ನಮ್ಮ ಯಕ್ಷಗಾನದವರಿಗೆ ಇದು ಯಾವತ್ತೋ ಗೊತ್ತು. ಬಣ್ಣದ ವೇಷ ಬಂದು ಅಬ್ಬರಿಸಿ, ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗು ಹಿಡಿದಿರುವ ಹೊತ್ತಿಗೆ ಸರಿಯಾಗಿ ಹಾಸ್ಯಗಾರ ರಂಗಕ್ಕೆ ಬರುತ್ತಾನೆ. ಅವನು ಆಡುವ ಮಾತನ್ನು ಮಾರನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಹೇಳಿ ನೋಡಿ. ಯಾರೂ ನಗುವುದಿಲ್ಲ. ಅದಕ್ಕೇ ಆಟ ನೋಡಿ ಬಂದವರು ಹಾಸ್ಯಗಾರನ ಮಾತು ಹೇಳುವ ಮೊದಲು ರಾಕ್ಷಸನ ಅಬ್ಬರವನ್ನೂ ಅಷ್ಟು ಕೂಗಿ ತೋರಿಸುವುದು.

ಹಾಗಾಗಿ ಮೊದಲ ಕೆಲಸ ಬಹಳ ಸುಲಭದ್ದು. 'ಅದಕ್ಕೆ ಮುಂಚೆ ಏನಾಗಿತ್ತು?' ಎಂದು ಕೇಳಿದ ಕೂಡಲೇ ಮಗು ಒಂದು ಪುಟ ಹಿಂದಕ್ಕೆ ಹೋಗುತ್ತದೆ. ಹೆದರಿಸಲು ಶುರು ಮಾಡುತ್ತದೆ. ಮಕ್ಕಳಿಗೆ ದೊಡ್ಡವರನ್ನು ನಗಿಸುವುದಕ್ಕಿಂತ ಹೆದರಿಸುವುದು ಸಲೀಸು, ಅದರಲ್ಲಿ ಅವರು ಪಳಗಿದವರು. ನೀವು ಒಲೆ ಸಣ್ಣ ಮಾಡಿ ಎರಡು ನಿಮಿಷ ಹೆದರಿದರೆ ಸಾಕು. ನಗು ತಾನಾಗಿ ಬಂದರೆ ಬಂತು.

ಎರಡನೆಯದು ಕನ್ನಡಕ್ಕೆ ತರುವ ವಿಚಾರ. ಇಲ್ಲಿ ನನ್ನದೇ ಒಂದು ಎಡವಟ್ಟು ಹೇಳಬೇಕು. ಈ ಭಾಗವನ್ನು ಮೊದಲ ಸಲ ಮಕ್ಕಳಿಗೆ ಓದಲು ಹೊರಟಾಗ ನಿಘಂಟು ನೋಡಿ, ಚೀಸಿಗೆ 'ಗಿಣ್ಣು' ಎಂದು ಬರೆದುಕೊಂಡೆ. ಶನಿವಾರ ಓದಿದೆ. ಕಾಡು, ಕೊಲೆ, ಓಟ ಎಲ್ಲ ಮುಗಿದು, ಹುಡುಗರೆಲ್ಲ ಕಣ್ಣು ಕಿಸಿದು ಕೂತಿದ್ದಾರೆ. 'ನಿನ್ನ ಹತ್ತಿರ ಗಿಣ್ಣು ಇದೆಯಾ?' ಎಂದೆ. ನಿಶ್ಶಬ್ದ. ಹಿಂದಿನಿಂದ, ಮನೆಯಲ್ಲಿ ದನ ಕಟ್ಟಿದ್ದ ಹುಡುಗಿಯೊಬ್ಬಳು ಕೈ ಎತ್ತಿ ಕೇಳಿದಳು: 'ಸಾರ್, ಅಲ್ಲಿ ಯಾವ ಹಸು ಕರು ಹಾಕಿತ್ತು?'

ಎಲ್ಲರೂ ನಕ್ಕರು, ನನ್ನ ಮೇಲೆ. ಅವಳು ಕೇಳಿದ್ದು ನೂರಕ್ಕೆ ನೂರು ಸರಿ. ಗಿಣ್ಣು ಬೇಕೆಂದಾಗ ಸಿಗುವ ವಸ್ತುವಲ್ಲ. ಹಸು ಈದ ಮೊದಲ ಎರಡು ಮೂರು ದಿನದ ಹಾಲು, ಬೆಲ್ಲ, ಏಲಕ್ಕಿ, ನೆರೆಮನೆಗೆ ಒಂದು ಬಟ್ಟಲು. ಅದೊಂದು ಸಂಭ್ರಮ. ಬೆನ್ ಗನ್ ಹಾತೊರೆಯುತ್ತಿದ್ದದ್ದು ಸಂಭ್ರಮಕ್ಕಲ್ಲ, ದಿನಾ ಸಿಗುತ್ತಿದ್ದ, ಸಿಗುವಾಗ ಬೆಲೆ ಗೊತ್ತಿಲ್ಲದ ಒಂದು ಸಾಮಾನ್ಯ ತಿನಿಸಿಗೆ. ನಿಘಂಟಿನ ಮಟ್ಟಿಗೆ ನಾನು ಬರೆದದ್ದು ತಪ್ಪಲ್ಲದಿರಬಹುದು, ನಗುವಿನ ಮಟ್ಟಿಗೆ ಪೂರ್ತಿ ತಪ್ಪು.

ಮುಂದಿನ ವಾರ ಮಕ್ಕಳನ್ನೇ ಕೇಳಿದೆ: ಮೂರು ವರ್ಷ ದ್ವೀಪದಲ್ಲಿ ಒಬ್ಬರೇ ಇದ್ದರೆ ನಿಮಗೆ ಯಾವುದರ ಕನಸು ಬೀಳುತ್ತದೆ? ಒಬ್ಬ ಪಾನಿಪೂರಿ ಎಂದ. ಒಬ್ಬಳು ಉಪ್ಪಿನಕಾಯಿ ಎಂದಳು. ಆಮೇಲೆ ಯಾರೋ 'ಹಪ್ಪಳ' ಎಂದರು. ಅಲ್ಲಿಗೆ ನನಗೆ ಸಾಲು ಸಿಕ್ಕಿತು. 'ಎಷ್ಟೋ ರಾತ್ರಿ ಹಪ್ಪಳದ ಕನಸು ಕಂಡಿದೀನಪ್ಪ. ಸುಟ್ಟದ್ದು, ಹೆಚ್ಚಾಗಿ.' ಈ ಸಲ ಇಡೀ ಕೋಣೆ ನಕ್ಕಿತು. ಸುಟ್ಟದ್ದೋ ಕರಿದದ್ದೋ ಎಂಬ ಜಗಳ ಇಲ್ಲದ ಮನೆ ನಮ್ಮಲ್ಲಿ ಎಲ್ಲಿದೆ?

ಅಚ್ಚಾಗುವ ಅನುವಾದದಲ್ಲಿ ಹೀಗೆ ಮಾಡುತ್ತೇನೆಯೇ? ಇಲ್ಲ. ಪುಸ್ತಕದಲ್ಲಿ ಚೀಸ್ ಚೀಸಾಗಿಯೇ ಇರಬೇಕು. ಇವತ್ತಿನ ಮಕ್ಕಳಿಗೆ ಆ ಪದ ಹೊಸದಲ್ಲ, ಇಂಗ್ಲೆಂಡಿನ ನಾವಿಕನ ಬಾಯಲ್ಲಿ ಹಪ್ಪಳ ಬಂದರೆ ಕತೆಯೇ ಬುಡಮೇಲು. ಆದರೆ ಅಡುಗೆಮನೆಯಲ್ಲಿ ಅಜ್ಜಿಗೆ ಹೇಳುವಾಗ ನೀವು ಅನುವಾದಕರಲ್ಲ, ಕತೆ ಹೇಳುವವರು. ಅಲ್ಲಿ ಹಪ್ಪಳಕ್ಕೆ ಪೂರ್ತಿ ಅನುಮತಿ ಇದೆ. ಜಿಮ್ ಉತ್ತರಿಸುತ್ತ, ಹಡಗು ಸೇರಿದರೆ ಸ್ಟೋನ್‌ಗಟ್ಟಲೆ ಚೀಸ್ ಕೊಡುತ್ತೇನೆ ಎನ್ನುತ್ತಾನೆ. ಸ್ಟೋನ್ ಎಂದರೆ ಅವರ ಹಳೆಯ ತೂಕ, 14 ಪೌಂಡ್, ನಮ್ಮ ಲೆಕ್ಕಕ್ಕೆ ಸುಮಾರು 6.35 ಕಿಲೋ. ಅದನ್ನು 'ಕಲ್ಲುಗಟ್ಟಲೆ' ಎಂದು ಬರೆದ ಒಂದು ಹಸ್ತಪ್ರತಿ ನನ್ನ ಕಣ್ಣಿಗೆ ಬಿದ್ದಿತ್ತು. ಕಲ್ಲಲ್ಲ, 'ಮಣಗಟ್ಟಲೆ ಕೊಡ್ತೀನಿ' ಎಂದರೆ ಅಜ್ಜಿಗೆ ತಕ್ಷಣ ತಲುಪುತ್ತದೆ.

ಈಗ ಸ್ವಲ್ಪ ವ್ಯಾಕರಣ. ಓಡಿಹೋಗಬೇಡಿ, ನಗುವಿನ ಕೀಲಿ ಇರುವುದು ಇಲ್ಲೇ.

ನಗೆಸಾಲಿನಲ್ಲಿ ನಗಿಸುವ ಪದ ಕೊನೆಗೆ ಬರಬೇಕು. ಇಂಗ್ಲಿಷಿನಲ್ಲಿ ಅದು ಸುಲಭ, ಯಾಕೆಂದರೆ ಅವರ ಕ್ರಿಯಾಪದ ನಡುವೆ ಬಂದು ಹೋಗಿರುತ್ತದೆ. ನಮ್ಮ ಕ್ರಿಯಾಪದ ಮೆರವಣಿಗೆಯ ಕೊನೆಗೆ ಬರುವ ಯಜಮಾನ. 'ಅವನು ಹೆಚ್ಚಾಗಿ ಕಾಯಿಸಿದ ಚೀಸಿನ ಕನಸು ಕಾಣುತ್ತಿದ್ದನು' ಎಂದು ಬರೆದರೆ ವ್ಯಾಕರಣ ಸರಿ, ನಗು ಸತ್ತುಹೋಯಿತು. 'ಹೆಚ್ಚಾಗಿ' ನಡುವಿನಲ್ಲಿ ಉಸಿರುಗಟ್ಟಿ ಕೂತಿದೆ, ಕೊನೆಗೆ ಉಳಿದದ್ದು 'ಕಾಣುತ್ತಿದ್ದನು' ಎಂಬ ಪೊಲೀಸ್ ವರದಿ. ನೀವು ಅತ್ತೆಗೆ ಹೇಳಿದ ಸಾಲಿನಲ್ಲಿ ಆಗಿದ್ದೂ ಇದೇ. ಅದರಲ್ಲೂ ನೀವು 'ಹೆಚ್ಚಾಗಿ'ಯನ್ನು ಪೂರ್ತಿ ಬಿಟ್ಟೇಬಿಟ್ಟಿದ್ದೀರಿ.

ಆದರೆ ನಾವು ಮಾತಾಡುವಾಗ ಈ ಯಜಮಾನನನ್ನು ದಾಟಿ ಹೋಗುತ್ತಲೇ ಇರುತ್ತೇವೆ. 'ತಿಂದುಬಿಟ್ಟ, ಅಷ್ಟನ್ನೂ.' 'ಬಂದಿದಾರೆ ನೋಡು, ನಿಮ್ಮ ಮಾವ.' ಕ್ರಿಯಾಪದದ ಆಚೆಗೊಂದು ಬಾಲ. ಬರೆಯುವಾಗ ಮಾತ್ರ ನಾಚಿಕೊಂಡು ಅದನ್ನು ಒಳಗೆ ಮಡಚುತ್ತೇವೆ. ನಗೆಸಾಲು ಹೇಳುವಾಗ ನಾಚಿಕೊಳ್ಳಬೇಡಿ.

ಇನ್ನೊಂದು ದಾರಿಯೂ ಇದೆ. ಇದೇ ಕತೆಯ ಶುರುವಿನಲ್ಲಿ ಸತ್ತುಹೋದ ಮುದಿ ಕಡಲುಗಳ್ಳನ ಪೆಟ್ಟಿಗೆ ತೆರೆಯುತ್ತಾರೆ. ಪಿಸ್ತೂಲು, ತಂಬಾಕು, ಬೆಳ್ಳಿಯ ಗಟ್ಟಿ, ಹಳೆಯ ಗಡಿಯಾರ ಹೀಗೆ ಒಂದೊಂದೇ ಹೊರಗೆ ಬರುತ್ತದೆ, ಪಟ್ಟಿಯ ತುದಿಗೆ ಐದಾರು ಕಪ್ಪೆಚಿಪ್ಪು. ಊರೂರು ಅಟ್ಟಿಸಿಕೊಂಡು ತಿರುಗುತ್ತಿದ್ದ ಪಾಪಿಗೆ ಕಪ್ಪೆಚಿಪ್ಪು ಯಾಕೆ ಬೇಕಿತ್ತೋ ಎಂದು ಜಿಮ್‌ಗೂ ಆಶ್ಚರ್ಯ. ಇದನ್ನು 'ಪೆಟ್ಟಿಗೆಯಲ್ಲಿ ಪಿಸ್ತೂಲುಗಳೂ ತಂಬಾಕೂ ಐದಾರು ಕಪ್ಪೆಚಿಪ್ಪುಗಳೂ ಇದ್ದವು' ಎಂದರೆ ಕಿರಾಣಿ ಚೀಟಿ. 'ಪೆಟ್ಟಿಗೆಯಲ್ಲಿ ಇದ್ದದ್ದು ಪಿಸ್ತೂಲು, ತಂಬಾಕು, ಬೆಳ್ಳಿ, ಆಮೇಲೆ ಐದಾರು ಕಪ್ಪೆಚಿಪ್ಪು' ಎಂದರೆ ಚಿಪ್ಪು ಕೈಗೆ ಸಿಗುತ್ತದೆ. 'ಇದ್ದವು' ಎಂಬುದನ್ನು 'ಇದ್ದದ್ದು' ಮಾಡಿ ಮುಂದಕ್ಕೆ ತಂದದ್ದಷ್ಟೇ ವ್ಯತ್ಯಾಸ. 'ಅವನು ಕೇಳಿದ್ದು ಹಪ್ಪಳ.' 'ನಿಧಿಯ ಗುಂಡಿಯಲ್ಲಿ ಸಿಕ್ಕಿದ್ದು ಗುಂಡಿ.' ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. 'ಅಣ್ಣ ಪರೀಕ್ಷೇಲಿ ತೆಗೆದಿದ್ದು ಎಷ್ಟು ಗೊತ್ತಾ' ಎಂದು ಚಾಡಿ ಹೇಳುವಾಗ ಎಲ್ಲರೂ ಪಂಡಿತರೇ.

ಕೆಲವು ಸಾಲುಗಳು ಮಾತ್ರ ಯಾವ ಭಾಷೆಗೆ ಹೋದರೂ ಕೆಡುವುದಿಲ್ಲ. ಲೂಯಿಸ್ ಕ್ಯಾರಲ್ ಬರೆದ 1865ರ 'ಆಲಿಸ್ ಇನ್ ವಂಡರ್‌ಲ್ಯಾಂಡ್' ಪುಸ್ತಕದ ಮೊದಲ ಅಧ್ಯಾಯ ನೋಡಿ. ಹುಡುಗಿ ತಳವೇ ಕಾಣದ ಬಾವಿಯೊಳಗೆ ಬೀಳುತ್ತಿದ್ದಾಳೆ. ಬೀಳುತ್ತ ಬೀಳುತ್ತಲೇ ಗೋಡೆಯ ಗೂಡಿನಿಂದ ಒಂದು ಜಾಡಿ ಎತ್ತಿಕೊಳ್ಳುತ್ತಾಳೆ. ಚೀಟಿಯಲ್ಲಿ ಕಿತ್ತಳೆ ಮುರಬ್ಬ ಎಂದಿದೆ, ಒಳಗೆ ಏನೂ ಇಲ್ಲ. ಬಿಸಾಡಲು ಮನಸ್ಸಿಲ್ಲ, ಕೆಳಗೆ ಯಾರಿಗಾದರೂ ತಗುಲಿ ಸತ್ತಾರು ಎಂಬ ಭಯ. ಹಾಗಾಗಿ ಬೀಳುವಾಗ ದಾರಿಯಲ್ಲಿ ಸಿಕ್ಕ ಇನ್ನೊಂದು ಗೂಡಿನಲ್ಲಿ ಇಡುತ್ತಾಳೆ. ಇದಕ್ಕೆ ನಗಲು ಯಾವ ವ್ಯಾಕರಣವೂ ಬೇಡ. ತನ್ನ ಜೀವವೇ ಹೋಗುತ್ತಿರುವಾಗ ಜಾಡಿಯನ್ನು ಜಾಗಕ್ಕೆ ಇಡುವ ಮಗುವನ್ನು ಕಂಡರೆ ನಿಮ್ಮತ್ತೆ 'ಒಳ್ಳೇ ಸಂಸ್ಕಾರ' ಎಂದಾರು.

ಅದೇ ಪುಸ್ತಕದಲ್ಲಿ ಅನುವಾದಕರನ್ನು ಅಳಿಸುವ ಜಾಗವೂ ಇದೆ. ಇಲಿ ತನ್ನದು ಉದ್ದನೆಯ ದುಃಖದ ಕತೆ ಎನ್ನುತ್ತದೆ. ಇಂಗ್ಲಿಷಿನಲ್ಲಿ ಕತೆಗೂ ಬಾಲಕ್ಕೂ ಒಂದೇ ಉಚ್ಚಾರ. ಆಲಿಸ್ ಇಲಿಯ ಬಾಲ ನೋಡಿ, ಉದ್ದ ಇರುವುದೇನೋ ಹೌದು, ಆದರೆ ದುಃಖ ಎಲ್ಲಿದೆ ಎಂದು ಬೆರಗಾಗುತ್ತಾಳೆ. ವರ್ಷಗಟ್ಟಲೆ ಇದನ್ನು ಓದುವಾಗ ಹಾರಿಸಿಬಿಡುತ್ತಿದ್ದೆ. ಒಂದು ದಿನ ಬಸ್ಸಿನಲ್ಲಿ ಕೂತಿದ್ದಾಗ ಹೊಳೆಯಿತು: 'ನನ್ನ ಬಾಲ್ಯ ಬಹಳ ಉದ್ದ, ಬಹಳ ದುಃಖದ್ದು' ಎಂದಿತು ಇಲಿ. 'ಬಾಲ ಉದ್ದ ಇದೆ ನಿಜ, ಅದಕ್ಕೆ ದುಃಖ ಯಾಕೆ?' ಎಂದಳು ಹುಡುಗಿ. ಪಕ್ಕದಲ್ಲಿ ಕೂತವರು ನನ್ನನ್ನು ನೋಡಿ ಸ್ವಲ್ಪ ಸರಿದು ಕೂತರು.

ಇದಕ್ಕೆ ತಿರುಗುಮುರುಗಾದ ಕಷ್ಟವೂ ಉಂಟು. ಮೈಸೂರಿನ ಆರ್. ಕೆ. ನಾರಾಯಣ್ ಅವರ 1935ರ 'ಸ್ವಾಮಿ ಅಂಡ್ ಫ್ರೆಂಡ್ಸ್' ಪೂರ್ತಿ ಸಾಹಸದ ಕತೆಯಲ್ಲ, ಆದರೂ ಕೊನೆಗೆ ಹುಡುಗ ಮನೆ ಬಿಟ್ಟು ಓಡಿ ಕಾಡುದಾರಿಯಲ್ಲಿ ಕಳೆದುಹೋಗುವುದಿದೆ. ಅದರಲ್ಲಿ ಅಪ್ಪ ಲೆಕ್ಕ ಕೊಡುವ ಪ್ರಸಂಗ ಹೆಚ್ಚಿನವರಿಗೆ ನೆನಪಿರುತ್ತದೆ. ರಾಮನ ಹತ್ತಿರ ಹತ್ತು ಮಾವು, ಅದರಿಂದ ಅವನಿಗೆ ಹದಿನೈದಾಣೆ ಬರಬೇಕು, ಕೃಷ್ಣನಿಗೆ ನಾಲ್ಕೇ ಬೇಕು, ಎಷ್ಟು ಕೊಡಬೇಕು? ಸ್ವಾಮಿಗೆ ಹುಟ್ಟುವ ಸಂಶಯ, ಆ ಮಾವು ಹಣ್ಣಾಗಿತ್ತೋ ಇಲ್ಲವೋ ಎಂದು. ನಮ್ಮೂರಿನ ಹುಡುಗ, ನಮ್ಮದೇ ಮಾವು, ಕನ್ನಡದಲ್ಲಿ ಹೇಳಲು ಏನು ತೊಂದರೆ ಅಂದುಕೊಂಡು ಬಾಯಿ ತೆರೆದರೆ 'ಹತ್ತು ಮಾವಿನಹಣ್ಣು' ಎಂದು ತಾನಾಗಿ ಬಂದುಬಿಡುತ್ತದೆ. ಅಲ್ಲಿಗೆ ಮುಗಿಯಿತು, ಸ್ವಾಮಿಗೆ ಕೇಳಲು ಏನೂ ಉಳಿಯಲಿಲ್ಲ! ಕನ್ನಡದಲ್ಲಿ ನಾವು ಹಣ್ಣೋ ಕಾಯಿಯೋ ಎಂದು ಹೇಳದೆ ಮಾವನ್ನು ಮುಟ್ಟುವುದೇ ಅಪರೂಪ. ಅಪ್ಪ ಬೇಕೆಂದೇ 'ಹತ್ತು ಮಾವು' ಎನ್ನಬೇಕು, ಬಾಯಿ ಬಿಗಿಹಿಡಿದು.

ಬೈಗುಳದ ವಿಚಾರ ನೀವು ಕೇಳಿಲ್ಲ. ಆದರೆ ಒಂಬತ್ತು ವರ್ಷ ಎಂದಿರಿ, ಇಷ್ಟರಲ್ಲೇ ಬರುತ್ತದೆ, ಅದಕ್ಕೆ ಹೇಳುತ್ತೇನೆ. ಬೆಲ್ಜಿಯಂನ ಎರ್ಜೆ 1929ರಲ್ಲಿ ಶುರು ಮಾಡಿದ 'ಟಿನ್‌ಟಿನ್' ಚಿತ್ರಕತೆಗೆ 1941ರಲ್ಲಿ ಹ್ಯಾಡಕ್ ಎಂಬ ಕುಡುಕ ಕಪ್ತಾನ ಬಂದು ಸೇರಿದ. ನಾವಿಕ ಎಂದಮೇಲೆ ಬಾಯಿ ಹೊಲಸು ಇರಬೇಕು. ಮಕ್ಕಳ ಪುಟ ಎಂದಮೇಲೆ ಹೊಲಸು ಬರೆಯುವಂತಿಲ್ಲ. ಎರ್ಜೆಗೆ ಹಿಂದೆ 1933ರ ಸುಮಾರಿಗೆ ಸಂತೆಯಲ್ಲಿ ಕೇಳಿದ ಒಂದು ಜಗಳ ನೆನಪಾಯಿತಂತೆ. ಆಗಷ್ಟೇ ಯುರೋಪಿನ ನಾಲ್ಕು ದೇಶಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡಿದ್ದವು, ಸಂತೆಯ ವ್ಯಾಪಾರಿ ಎದುರಿನವರಿಗೆ ಅದನ್ನೇ ಬೈಗುಳವಾಗಿ ಎಸೆದಿದ್ದ. 'ಎಲಾ ಚತುರ್ರಾಷ್ಟ್ರ ಒಪ್ಪಂದವೇ!' ಅರ್ಥ ಮುಖ್ಯವಲ್ಲ, ದನಿ ಮುಖ್ಯ ಎಂದು ಅಲ್ಲಿ ತಿಳಿಯಿತು. ಆಮೇಲೆ ಹ್ಯಾಡಕ್ ಬಾಯಲ್ಲಿ ಅಲಂಕಾರಶಾಸ್ತ್ರ, ಪ್ರಾಣಿಶಾಸ್ತ್ರ, ಇತಿಹಾಸ ಎಲ್ಲ ಬೈಗುಳವಾಗಿ ಹೊರಟವು. ಬಂಗಾಳಿಗೆ ಇದನ್ನು ತಂದವರು ನೀರೇಂದ್ರನಾಥ ಚಕ್ರವರ್ತಿ, ದೊಡ್ಡ ಕವಿ. ಟಿನ್‌ಟಿನ್‌ನ ನಾಯಿ ಸ್ನೋಯಿಯ ಹೆಸರನ್ನೂ ಹಾಗೇ ಬಿಡದೆ 'ಕುಟ್ಟುಸ್' ಮಾಡಿದರು. ಬಂಗಾಳಿ ಮಕ್ಕಳಿಗೆ ಅದು ಇವತ್ತಿಗೂ ಕುಟ್ಟುಸ್ಸೇ.

ನಮ್ಮಲ್ಲಿ ಇದಕ್ಕೆ ಬೇಕಾದ ಸಾಮಾನು ಹೈಸ್ಕೂಲಿನ ವ್ಯಾಕರಣದಲ್ಲಿ ರಾಶಿ ಬಿದ್ದಿದೆ. 'ಎಲವೋ ಲೋಪಸಂಧಿ! ಬಹುವ್ರೀಹಿ! ನಿಲ್ಲೋ ಅಲ್ಲೇ, ಮಂದಾನಿಲ ರಗಳೆ!' ಗ್ರಂಥಾಲಯದಲ್ಲಿ ಒಂದು ಬೇಸಿಗೆ ಪೂರ್ತಿ ಹುಡುಗರು ಒಬ್ಬರನ್ನೊಬ್ಬರು ಹೀಗೇ ಬೈದುಕೊಂಡರು. ಯಾವ ತಾಯಿತಂದೆಯೂ ದೂರು ತರಲಿಲ್ಲ. ನಿಮ್ಮ ಮಗಳಿಗೆ ಹೇಳಿಕೊಡಿ, ಶಾಲೆಯಲ್ಲಿ ಎರಡು ಕಡೆ ಉಪಯೋಗಕ್ಕೆ ಬರುತ್ತದೆ.

ಇಂಗ್ಲಿಷಿನಲ್ಲಿ ಇಲ್ಲದ, ನಮ್ಮ ಕೈಯಲ್ಲಿರುವ ಇನ್ನೂ ಎರಡು ಆಯುಧಗಳಿವೆ. ಒಂದು, ಮರ್ಯಾದೆಯ ಬಹುವಚನ. ಅವರ ಹುಡುಗ ಕಳ್ಳನಿಗೂ ಟೀಚರಿಗೂ ಒಂದೇ ಪದದಲ್ಲಿ ಮಾತಾಡಬೇಕು. ನಮ್ಮ ಹುಡುಗ ಕೈಕಾಲು ಕಟ್ಟಿಸಿಕೊಂಡು ಬಿದ್ದಾಗ, 'ಕಳ್ಳರೇ, ಸ್ವಲ್ಪ ಹಗ್ಗ ಸಡಿಲ ಮಾಡ್ತೀರಾ, ಮೂಗು ಕೆರೀಬೇಕು' ಎನ್ನಬಹುದು. ಹಗ್ಗ ಬಿಚ್ಚಿದ ಮರುಕ್ಷಣ 'ಬಾರೋ ಈಗ' ಎನ್ನಬಹುದು. ಎರಡು ಮಾತಿನ ನಡುವೆ ಇಡೀ ಕತೆ ತಿರುಗಿತು. ಇನ್ನೊಂದು ನಮ್ಮ 'ಗಿ'ಕಾರ. ಒಮ್ಮೆ ಕಾಡಿನ ಕತೆ ಓದುತ್ತ, ಹೆದರಿದ ಪುಟ್ಟವನೊಬ್ಬನಿಗೆ 'ಅಲ್ಲಿ ಹುಲಿ ಗಿಲಿ ಏನೂ ಇಲ್ಲಪ್ಪ' ಎಂದೆ. ಅವನು ತುಸು ಹೊತ್ತು ಯೋಚಿಸಿ, 'ಹುಲಿ ಇಲ್ಲ ಸರಿ. ಗಿಲಿ ಹೇಗಿರುತ್ತೆ?' ಎಂದ. ಆವತ್ತಿನಿಂದ ಕತ್ತಲಿನ ಜಾಗ ಬಂದಾಗಲೆಲ್ಲ ನಮ್ಮ ಮಕ್ಕಳಿಗೆ ಹುಲಿಗಿಂತ ಗಿಲಿಯ ಭಯವೇ ಜಾಸ್ತಿ.

ಮಾಡಬಾರದ್ದು ಎಂದರೆ ಎರಡೇ. ನೆಂಟರ ಮುಂದೆ ಕೂರಿಸಿ 'ಆ ಚೀಸಿನ ಜೋಕ್ ಹೇಳು ಪುಟ್ಟಾ' ಎನ್ನಬೇಡಿ. ಅದು ಅವಳು ಓಡಿ ಬಂದು ಕೊಟ್ಟದ್ದು, ಕರೆದು ಈಸಿಕೊಳ್ಳುವಂಥದ್ದಲ್ಲ. ಮತ್ತೆ, ಒಂದೇ ಸಾಲನ್ನು ಇಪ್ಪತ್ತು ಸಲ ಹೇಳಿದರೆ ತಡೆಯಬೇಡಿ. ನಾಲ್ಕನೆಯ ಸಲಕ್ಕೆ ತಲೆ ಚಿಟ್ಟು ಹಿಡಿಯುತ್ತದೆ ನಿಜ, ನನ್ನ ಮನೆಯಲ್ಲೂ ಹಿಡಿದಿದೆ. ಹತ್ತನೆಯ ಸಲದ ಹೊತ್ತಿಗೆ ಅದು ಮನೆಯ ಮಾತಾಗಿರುತ್ತದೆ. ನಮ್ಮಲ್ಲಿ ಈಗ ಯಾರು ಏನು ಕೇಳಿದರೂ ಉತ್ತರದ ಕೊನೆ ಹೀಗೇ: 'ಮನೆಗೆ ಎಷ್ಟೊತ್ತಿಗೆ ಬರ್ತೀಯ?' 'ಏಳಕ್ಕೆ, ಹೆಚ್ಚಾಗಿ.'

ಹಳೆಯ ಪುಸ್ತಕಗಳಲ್ಲಿ ಎಲ್ಲ ನಗುವೂ ಹಂಚಲು ಯೋಗ್ಯವಲ್ಲ ಎಂಬುದೂ ನಿಜ. ಇದೇ ಟಿನ್‌ಟಿನ್ 1931ರಲ್ಲಿ ಕಾಂಗೊಗೆ ಹೋದ ಪುಸ್ತಕದಲ್ಲಿ ಅಲ್ಲಿಯ ಜನರನ್ನು ದಡ್ಡರಂತೆ ತೋರಿಸಿ ನಗಿಸಲು ನೋಡಿದ್ದಾರೆ, ಇವತ್ತು ಓದಿದರೆ ಮುಖ ಬಿಸಿಯಾಗುತ್ತದೆ. ತೊದಲುವವರು, ದಪ್ಪಗಿರುವವರು, ಕಪ್ಪಗಿರುವವರನ್ನು ನೋಡಿ ನಗುವ ಚಾಳಿ ನಮ್ಮ ಕತೆಗಳಲ್ಲೇನು ಕಡಿಮೆಯಿಲ್ಲ. ಮಗಳು ಅಂಥ ಸಾಲು ಹಿಡಿದು ಬಂದರೆ ಭಾಷಣ ಬೇಡ. ನಗದೆ, 'ಅವನಿಗೆ ಹೇಗನ್ನಿಸಿರಬಹುದು?' ಎಂದು ಕೇಳಿ ಮುಂದೆ ಹೋಗಿ.

ನಿಮ್ಮ ಅಡುಗೆಮನೆ ಚಿಕ್ಕ ಜಾಗ ಅಂದುಕೊಳ್ಳಬೇಡಿ. ಈ ಕತೆ ಹುಟ್ಟಿದ್ದೂ ಅಂಥದ್ದೇ ಮನೆಯಲ್ಲಿ. 1881ರ ಬೇಸಿಗೆ, ಸ್ಕಾಟ್ಲೆಂಡಿನ ಬ್ರೇಮಾರ್, ಹೊರಗೆ ಬಿಡದ ಮಳೆ. ಶಾಲೆಗೆ ರಜಾ ಇದ್ದ ಮಲಮಗ ಲಾಯ್ಡ್ ಜೊತೆ ಬಣ್ಣ ಹಚ್ಚುತ್ತ ಕೂತ ಸ್ಟೀವನ್ಸನ್ ಒಂದು ದ್ವೀಪದ ನಕ್ಷೆ ಬರೆದರು. ನಕ್ಷೆಯಿಂದ ಕತೆ ಹೊರಟಿತು. ದಿನಕ್ಕೊಂದು ಅಧ್ಯಾಯ ಬರೆಯುವುದು, ಮನೆಯವರಿಗೆ ಗಟ್ಟಿಯಾಗಿ ಓದುವುದು. ಹುಡುಗನಿಗಿಂತ ಹೆಚ್ಚು ಹುಚ್ಚು ಹಿಡಿದದ್ದು ಮುದುಕನಿಗೆ, ಸ್ಟೀವನ್ಸನ್ ಅವರ ತಂದೆ ಥಾಮಸ್‌ಗೆ. ದೀಪಸ್ತಂಭ ಕಟ್ಟುವ ದೊಡ್ಡ ಎಂಜಿನಿಯರು. ಸತ್ತ ಕಡಲುಗಳ್ಳನ ಪೆಟ್ಟಿಗೆ ತೆರೆಯುವ ದಿನ ಬಂದಾಗ, ಅದರಲ್ಲಿ ಏನೇನು ಇರಬೇಕು ಎಂದು ಒಂದು ಹಳೆಯ ಲಕೋಟೆಯ ಹಿಂಭಾಗದಲ್ಲಿ ಕೂತು ಪಟ್ಟಿ ಬರೆದುಕೊಟ್ಟವರು ಅವರೇ. ಮಗ ಅದನ್ನೇ ಪುಸ್ತಕಕ್ಕೆ ಇಳಿಸಿದ. ಅಜ್ಜಂದಿರಿಗೆ ಬಾಗಿಲು ತೋರಿಸಿಕೊಟ್ಟರೆ ಹೀಗಾಗುತ್ತದೆ.

ಆದ್ದರಿಂದ ಇವತ್ತು ರಾತ್ರಿ ಊಟಕ್ಕೆ ಹಪ್ಪಳ ಇರಲಿ. ಮಗಳು ಹದಿನಾಲ್ಕನೆಯ ಅಧ್ಯಾಯದಿಂದಲೇ ಶುರು ಮಾಡಿ ಹೇಳಲಿ, ಕಾಡು, ಕೊಲೆ, ಓಟ ಒಂದನ್ನೂ ಬಿಡದೆ. ನೀವು ಪಕ್ಕದಲ್ಲಿ ಕೂತು ಅತ್ತೆಯವರಿಗೆ ಕನ್ನಡ ಮಾಡುತ್ತ ಹೋಗಿ. ಇನ್ನೊಂದು ಗುಟ್ಟು, ಇದು ನಿಮಗೆ ಮಾತ್ರ. ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಕತೆಯ ಡಾಕ್ಟರು ಜಿಮ್‌ನನ್ನು ಕೇಳುತ್ತಾರೆ: ನನ್ನ ಹತ್ತಿರ ನಶ್ಯದ ಡಬ್ಬಿ ಇರುವುದು ನೋಡಿದ್ದೀಯ, ನಾನು ನಶ್ಯ ಏರಿಸಿದ್ದು ಯಾವತ್ತಾದರೂ ನೋಡಿದ್ದೀಯಾ? ಇಲ್ಲ, ಯಾಕೆಂದರೆ ಆ ಡಬ್ಬಿಯೊಳಗೆ ಅವರು ಇಟ್ಟುಕೊಂಡು ತಿರುಗುವುದು ಒಂದು ತುಂಡು ಇಟಲಿಯ ಚೀಸ್, ಅದು ಬೆನ್ ಗನ್‌ಗೆ. ಮಗಳು ಅಲ್ಲಿಗೆ ಬಂದ ದಿನ ಓಡಿ ಬರುವುದು ನಿಮ್ಮ ಹತ್ತಿರ ಇರಲಿಕ್ಕಿಲ್ಲ, ಅಜ್ಜಿಯ ಹತ್ತಿರ. ಅಜ್ಜಿ ಈ ಸಲ 'ಆಮೇಲೆ?' ಎನ್ನುವ ಬದಲು ಇನ್ನೊಂದು ಕೇಳಿಯಾರು, ತಯಾರಾಗಿರಿ: ಡಬ್ಬಿಯಲ್ಲಿ ಇದ್ದದ್ದು ಸುಟ್ಟದ್ದೋ, ಕರಿದದ್ದೋ?